ಮನೆಮಾತಿನಲ್ಲಿ ಮಗು ಹೇಗಿದೆ?

(ಕಾಸರಗೋಡಿನ ಗಡಿಭಾಗದ ಒಂದು ಶಾಲೆಯಲ್ಲಿ ಅಧ್ಯಾಪಕರು ಮತ್ತು ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ.)

ನಾನೇ ಬರೆದ ಒಂದು ಮಾತಿನಿಂದ ಶುರುಮಾಡುತ್ತೇನೆ. ಮೂರನೇ ತರಗತಿಯ ಒಬ್ಬ ಹುಡುಗನ ಹೆಸರಿನ ಮುಂದೆ, ನನ್ನದೇ ಕೈಬರಹದಲ್ಲಿ, ಹೀಗಿದೆ: ‘ಕಲಿಕೆಯಲ್ಲಿ ನಿಧಾನ. ಇಂಗ್ಲಿಷ್ ಅರ್ಥವಾಗುವುದಿಲ್ಲ. ಕೇಳಿದರೆ ಬಾಯಿ ಬಿಡುವುದಿಲ್ಲ.’

ಅವನ ಅಮ್ಮನನ್ನು ಕರೆಸಿ ಇದನ್ನು ಹೇಳಿದೆ. ಅವರು ತುಳುವಿನಲ್ಲಿ, “ಇಲ್ಲಡ್ ಆಯನ ಬಾಯಿ ಉಂತುಜಿ ಟೀಚರೇ” ಅಂದರು. ಮನೆಯಲ್ಲಿ ಇವನ ಬಾಯಿ ನಿಲ್ಲುವುದೇ ಇಲ್ಲ ಅಂತ. ನಾನು ನಂಬಲಿಲ್ಲ. ಯಾವ ತಾಯಿ ತಾನೇ ಮಗನನ್ನು ಬಿಟ್ಟುಕೊಡುತ್ತಾಳೆ ಅಂದುಕೊಂಡು ಸುಮ್ಮನಾದೆ.

ಸ್ವಲ್ಪ ದಿನ ಕಳೆದು, ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಯ ಅಡುಗೆಕೋಣೆಯ ಹತ್ತಿರ ಹೋಗಿದ್ದೆ. ಒಳಗಿನಿಂದ ಒಂದು ಸ್ವರ ಕೇಳಿಸಿತು. ಅವನದ್ದೇ. ಅಡುಗೆಯ ಅಕ್ಕನಿಗೆ ಅವನ ಅಜ್ಜ ನೀರಿಗಾಗಿ ಗುಡ್ಡದ ಬದಿಯಲ್ಲಿ ಸುರಂಗ ಕೊರೆಸಿದ ಕತೆ ಹೇಳುತ್ತಿದ್ದ. ಮೊದಲು ಎಲ್ಲಿ ಅಗೆದರು, ದೀಪ ಯಾಕೆ ತೆಗೆದುಕೊಂಡು ಹೋಗುತ್ತಾರೆ, ದೀಪ ಸಣ್ಣಗಾದರೆ ಯಾಕೆ ತಕ್ಷಣ ಹೊರಗೆ ಬರಬೇಕು, ಎಷ್ಟು ಕೋಲು (ಅದು ನಮ್ಮ ಕಡೆಯ ಉದ್ದದ ಅಳತೆ) ಒಳಗೆ ಹೋದ ಮೇಲೆ ಮಣ್ಣು ಒದ್ದೆಯಾಯಿತು, ಆಮೇಲೆ ಅಡಿಕೆ ಮರದ ದಂಬೆ, ಅಂದರೆ ನೀರು ಹರಿಯುವ ದೋಣಿ, ಇಟ್ಟು ನೀರನ್ನು ತೋಟಕ್ಕೆ ಹೇಗೆ ತಂದರು. ಒಂದೂ ಹಿಂದೆಮುಂದೆ ಆಗಲಿಲ್ಲ. ಹೋದ ಕೋಲುಗಳ ಲೆಕ್ಕವನ್ನೂ ತಪ್ಪದೆ ಹೇಳಿದ. ನಾನು ಬಾಗಿಲ ಹೊರಗೇ ನಿಂತುಬಿಟ್ಟೆ.

ಯೋಚನೆ ಮಾಡಿ. ಕ್ರಮವಾಗಿ ಹೇಳುವುದು, ಲೆಕ್ಕ, ಹೀಗಾದರೆ ಹಾಗಾಗುತ್ತದೆ ಅನ್ನುವ ತಿಳಿವಳಿಕೆ, ಎದುರಿಗಿದ್ದವರಿಗೆ ಗೊತ್ತಿಲ್ಲದ್ದನ್ನು ಬಿಡಿಸಿ ಹೇಳುವ ಜಾಣತನ, ಎಲ್ಲವೂ ಅವನಲ್ಲಿತ್ತು. ನಾನು ಅವನನ್ನು ಅಳೆದದ್ದು ಅವನಿಗೆ ಇನ್ನೂ ಬಾರದ ಭಾಷೆಯಲ್ಲಿ. ಆ ಸಂಜೆ ರಿಜಿಸ್ಟರ್ ತೆಗೆದು ನಾನು ಬರೆದದ್ದನ್ನು ಹೊಡೆದುಹಾಕಿದೆ. ಇವತ್ತು ನಿಮ್ಮೊಂದಿಗೆ ಮಾತಾಡುವುದು ಆ ಹೊಡೆದುಹಾಕಿದ ಸಾಲಿನ ಬಗ್ಗೆ, ಅಂದರೆ ಭಾಷೆ ಬಾರದ್ದನ್ನೇ ಕಲಿಕೆಯ ತೊಂದರೆ ಅಂದುಕೊಳ್ಳುವ ತಪ್ಪಿನ ಬಗ್ಗೆ. ಮತ್ತು ಅದಕ್ಕೆ ತೀರಾ ಉಲ್ಟಾ ಆದ ಇನ್ನೊಂದು ತಪ್ಪಿನ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯ ಮಗುವಿನ ಒಂದು ದಿನ ನೋಡಿ. ಕುಂಬಳೆಯದ್ದೋ ಉಪ್ಪಳದ್ದೋ ಒಂದು ಬ್ಯಾರಿ ಮನೆ ಅಂತ ಇಟ್ಟುಕೊಳ್ಳಿ. ಎದ್ದ ಕೂಡಲೇ ಅಮ್ಮನ ಹತ್ತಿರ ಬ್ಯಾರಿ. ಆಮೇಲೆ ಮದ್ರಸದಲ್ಲಿ ಅರಬಿ ಅಕ್ಷರ, ಅದು ಬಲದಿಂದ ಎಡಕ್ಕೆ. ಹತ್ತು ಗಂಟೆಗೆ ಶಾಲೆಯಲ್ಲಿ ಕನ್ನಡ, ಎಡದಿಂದ ಬಲಕ್ಕೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಈಗ ಶಾಲೆಯಲ್ಲೂ ಮಲಯಾಳ. ಆಟದ ಮೈದಾನದಲ್ಲಿ ತುಳು. ಐದನೇ ತರಗತಿಗೆ ಬಂದರೆ ಹಿಂದಿ. ಇವೆಲ್ಲದರ ನಡುವೆ ಇಂಗ್ಲಿಷ್. ಸಪ್ತಭಾಷೆಯ ನೆಲ ಅಂತ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಸರಿಯೇ. ಆದರೆ ಏಳು ವರ್ಷದ ಮಗು ಒಂದೇ ದಿನದಲ್ಲಿ ಎಷ್ಟು ಸಲ ದಾರಿ ಬದಲಿಸುತ್ತದೆ ಅಂತ ನಾವು ಎಣಿಸಿ ನೋಡುವುದಿಲ್ಲ.

ಹೊಸ ಭಾಷೆಯ ಎದುರು ಕೂತ ಮಗು ಮೊದಲು ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಕೆಲವು ಮಕ್ಕಳಿಗೆ ಈ ಮೌನ ವಾರಗಳ ಮಟ್ಟಿಗೆ, ಕೆಲವರಿಗೆ ತಿಂಗಳುಗಟ್ಟಲೆ. ಇದು ರೋಗವಲ್ಲ. ಕೆನಡಾದಲ್ಲಿ ಜಿಮ್ ಕಮಿನ್ಸ್ ಅನ್ನುವ ವಿದ್ವಾಂಸರು 1980ರ ಆಸುಪಾಸಿನಲ್ಲಿ ಒಂದು ಮುಖ್ಯ ವಿಷಯ ಹೇಳಿದರು. ಹೊಸ ಭಾಷೆಯಲ್ಲಿ ಆಟದ ಮಾತು, ಅಂಗಡಿ ಮಾತು ಬರಲು ಸುಮಾರು 2 ವರ್ಷ ಸಾಕು. ಪಾಠ ಓದಿ ಅರ್ಥಮಾಡಿಕೊಂಡು ಉತ್ತರ ಬರೆಯುವಷ್ಟು ಭಾಷೆ ಬರಬೇಕಾದರೆ 5ರಿಂದ 7 ವರ್ಷ ಬೇಕು. ಅವರು ನೋಡಿದ್ದು ಹೊರಗಿನಿಂದ ಕೆನಡಾಕ್ಕೆ ಬಂದು ನೆಲೆಸಿದ ಮನೆಗಳ ಮಕ್ಕಳನ್ನು. ಆ ಮಕ್ಕಳ ಸುತ್ತ ಬೀದಿಯಲ್ಲಿ, ಟಿ.ವಿ.ಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಇಂಗ್ಲಿಷ್ ಇತ್ತು. ನಮ್ಮ ಬದಿಯಡ್ಕದ ಮಗುವಿಗೆ ಇಂಗ್ಲಿಷ್ ಸಿಗುವುದು ತರಗತಿಯ ನಾಲ್ಕು ಗೋಡೆಗಳ ಒಳಗೆ ಮಾತ್ರ. ಹಾಗಿದ್ದರೂ ಒಂದನೇ ತರಗತಿಗೆ ಹಾಕಿದ ಮಗು ಎರಡನೆಯದರಲ್ಲೇ ಫಟಾಫಟ್ ಓದಬೇಕು ಅನ್ನುತ್ತೇವೆ. ಅದು ಮಗುವಿನ ಮೇಲೆ ಅನ್ಯಾಯ.

ಇನ್ನು ತಪ್ಪುಗಳ ಕಡೆಗೆ ಬರೋಣ. ಟೀಚರ್‌ಗಳು ಇಲ್ಲಿ ಸ್ವಲ್ಪ ಗಮನ ಕೊಡಿ. ಇಂಗ್ಲಿಷ್ ನೋಟ್‌ಪುಸ್ತಕದ ಎಷ್ಟೋ ತಪ್ಪುಗಳು ಮನೆಮಾತಿನಿಂದ ನೇರ ನಡೆದುಕೊಂಡು ಬಂದವು. ‘ಅವನು ಹುಡುಗ.’ ಕನ್ನಡದಲ್ಲಿ ಇದು ಪೂರ್ತಿ ವಾಕ್ಯ. ನಡುವೆ ಏನೂ ಬೇಡ. ಆ ಮಗು ಇಂಗ್ಲಿಷಿನಲ್ಲಿ ‘ಹಿ ಬಾಯ್’ ಅಂತ ಬರೆಯುತ್ತದೆ. ‘ಈಸ್’ ಬಿಟ್ಟಿತು, ‘ಅ’ ಬಿಟ್ಟಿತು ಅಂತ ನಾವು ಕೆಂಪು ಗೆರೆ ಎಳೆಯುತ್ತೇವೆ. ಅದೇ ಮಲಯಾಳ ಮನೆಯ ಮಗುವಿಗೆ ‘ಆಣ್’ ಅನ್ನುವ ಪದ ಇದೆ. ‘ಅವನ್ ಕುಟ್ಟಿಯಾಣ್’ ಅನ್ನುತ್ತದೆ. ಹಾಗಾಗಿ ‘ಈಸ್’ ಅದಕ್ಕೆ ಬೇಗ ಹೊಳೆಯುತ್ತದೆ. ಆದರೆ ಕ್ರಿಯಾಪದಕ್ಕೆ ಬಂದರೆ ಆಟ ತಿರುಗುತ್ತದೆ. ನಾವು ಬಂದೆ, ಬಂದ, ಬಂದಳು ಅಂತ ಬದಲಿಸುತ್ತೇವೆ. ಮಲಯಾಳದಲ್ಲಿ ಯಾರು ಬಂದರೂ ‘ವನ್ನು’. ಆ ಮಗು ‘ಹಿ ಗೋ’ ಅಂತ ಬರೆದರೆ ಅದರ ಭಾಷೆಯ ಲೆಕ್ಕದಲ್ಲಿ ತಪ್ಪೇ ಇಲ್ಲ! ಅಕ್ಕಪಕ್ಕ ಕೂತ ಇಬ್ಬರು ಮಕ್ಕಳು ಬೇರೆ ಬೇರೆ ತಪ್ಪು ಮಾಡುತ್ತಾರೆ, ಇಬ್ಬರೂ ತಮ್ಮ ತಮ್ಮ ಅಮ್ಮನ ವ್ಯಾಕರಣವನ್ನು ಸರಿಯಾಗಿಯೇ ಬಳಸುತ್ತಿದ್ದಾರೆ.

ಬಸ್ಸು, ಇಸ್ಕೂಲು, ಯೆಗ್ಗು ಇವೂ ಹಾಗೆಯೇ. ನಮ್ಮ ನಾಲಿಗೆಗೆ ಪದದ ಕೊನೆಗೆ ಒಂದು ಸ್ವರ ಬೇಕು, ಎಕಾರದ ಮುಂದೆ ಒಂದು ಯಕಾರ ಬೇಕು. ಕೆಲವು ಬ್ಯಾರಿ ಮನೆಗಳ ಮಕ್ಕಳಿಗೆ ಣ ಮತ್ತು ನ, ಳ ಮತ್ತು ಲ ಬೆರೆತುಹೋಗುವುದನ್ನು ನೀವೂ ನೋಡಿರುತ್ತೀರಿ. ತುಳು ಮನೆಯ ಮಗು ಮಹಾಪ್ರಾಣ ಬಿಡುತ್ತದೆ. ಇದನ್ನು ನೋಡಿ ಮಗುವಿಗೆ ಸ್ಪೀಚ್ ತೊಂದರೆ ಇದೆ ಅನ್ನಬಾರದು.

ಇನ್ನೊಂದು ನೋಡಿ. ಇಂಗ್ಲಿಷ್ ಓದಲು ತಯಾರಿದ್ದಾನಾ ಅಂತ ನೋಡುವಾಗ ಒಂದು ಪ್ರಶ್ನೆ ಕೇಳುತ್ತಾರೆ: ‘ಕ್ಯಾಟ್’ ಅನ್ನುವುದರಲ್ಲಿ ಮೊದಲ ಶಬ್ದ ತೆಗೆದರೆ ಏನು ಉಳಿಯುತ್ತದೆ? ‘ಆ್ಯಟ್’ ಅನ್ನಬೇಕು. ನಮ್ಮ ಮಗು ‘ಟ್’ ಅನ್ನುತ್ತದೆ. ತಪ್ಪು ಅಂತ ಗುರುತು ಬೀಳುತ್ತದೆ. ಆದರೆ ಅದೇ ಮಗುವಿಗೆ ‘ಕಮಲ’ದಲ್ಲಿ ಮೊದಲ ಅಕ್ಷರ ತೆಗೆ ಅನ್ನಿ. ‘ಮಲ’ ಅಂತ ಥಟ್ಟನೆ ಹೇಳುತ್ತದೆ. ಕಾರಣ ಸರಳ. ಕನ್ನಡ ಕಲಿತ ಕಿವಿ ಮಾತನ್ನು ಅಕ್ಷರ ಅಕ್ಷರವಾಗಿ ತುಂಡು ಮಾಡುತ್ತದೆ. ‘ಕ್ಯಾ’ ಅನ್ನುವುದು ಅದಕ್ಕೆ ಒಂದೇ ತುಂಡು. ಅದನ್ನು ತೆಗೆದುಹಾಕಿದರೆ ಉಳಿಯುವುದು ‘ಟ್’ ತಾನೇ? ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಅನ್ನುವವರು 2007ರಲ್ಲಿ ಕನ್ನಡ ಓದುವ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕನೇ ತರಗತಿಯ ಮಕ್ಕಳೂ ಕಾಗುಣಿತ ಒತ್ತಕ್ಷರಗಳನ್ನು ಇನ್ನೂ ಕಲಿಯುತ್ತಲೇ ಇರುತ್ತಾರೆ, ಶಬ್ದವನ್ನು ಅಕ್ಷರಕ್ಕಿಂತ ಸಣ್ಣ ತುಂಡು ಮಾಡುವುದು ಅವರಿಗೆ ನಿಧಾನವಾಗಿ ಬರುತ್ತದೆ ಅಂತ ಅದರಲ್ಲಿ ಕಂಡಿತು. 26 ಅಕ್ಷರದ ಇಂಗ್ಲಿಷಿಗೆ ಮಾಡಿದ ಅಳತೆಕೋಲನ್ನು ತಂದು ನಮ್ಮ ಮಕ್ಕಳ ಮೇಲೆ ಇಟ್ಟರೆ ಅರ್ಧ ತರಗತಿಗೇ ಡಿಸ್ಲೆಕ್ಸಿಯಾ, ಅಂದರೆ ಜಾಣ ಮಗುವಿಗೂ ಓದು ಬರಹ ಕಷ್ಟವಾಗುವ ತೊಂದರೆ, ಇದೆ ಅಂತ ಬರಬಹುದು.

ಬಿ ಮತ್ತು ಡಿ ಉಲ್ಟಾ ಬರೆಯುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಏಳೆಂಟು ವರ್ಷದವರೆಗೆ ಅದು ಸಾಮಾನ್ಯ. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇಂಥ ತಪ್ಪು ಅಂದಾಜು ನಮ್ಮಲ್ಲಿ ಮಾತ್ರ ಆದದ್ದಲ್ಲ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಯಾನಾ ಕೇಸ್ ಅಂತ ಒಂದು ಕೇಸ್ ನಡೆಯಿತು. ಮೆಕ್ಸಿಕೋ ಮೂಲದ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಟೆಸ್ಟ್ ನೋಡಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಅವರ ಭಾಷೆ ಬಲ್ಲವರು ಮತ್ತೆ ಟೆಸ್ಟ್ ಮಾಡಿದರೆ, ಹೆಚ್ಚಿನವರು ಆ ತರಗತಿಯಲ್ಲಿ ಇರಬೇಕಾದವರೇ ಅಲ್ಲ! ಮಗುವನ್ನು ಅದರ ಮನೆಮಾತಿನಲ್ಲೂ ಪರೀಕ್ಷೆ ಮಾಡಬೇಕು ಅನ್ನುವುದು ಅಲ್ಲಿಂದ ಗಟ್ಟಿಯಾಯಿತು. ಇಂಗ್ಲೆಂಡಿನ 2014ರ ಕಾನೂನಿನಲ್ಲಂತೂ, ಮನೆಯ ಭಾಷೆ ಶಾಲೆಯ ಭಾಷೆಗಿಂತ ಬೇರೆ ಅನ್ನುವ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಅನ್ನಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಇಂಗ್ಲಿಷಿನ ತವರಲ್ಲೇ ಹೀಗೆ ಬರೆದಿರುವಾಗ ನಾವು ಅಷ್ಟು ಬೇಗ ತೀರ್ಪು ಕೊಡಬಾರದು ಅಲ್ವಾ?

ಈಗ ಇನ್ನೊಂದು ತಪ್ಪು. ಇದು ನನಗೆ ಜಾಸ್ತಿ ನೋವು ಕೊಟ್ಟದ್ದು.

ಒಬ್ಬಳು ಹುಡುಗಿ. ಮನೆಯಲ್ಲಿ ಕನ್ನಡ. ಒಂದನೇ ತರಗತಿಗೆ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದರು. ಓದಲು ಬರಲಿಲ್ಲ. ‘ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇಲ್ಲ, ಸರಿಹೋಗುತ್ತದೆ’ ಅಂದರು. ಮೂರು ವರ್ಷ ಹೋಯಿತು. ನಾಲ್ಕನೇ ತರಗತಿಗೆ ಕನ್ನಡ ಶಾಲೆಗೆ ತಂದು ಹಾಕಿದರು. ಅಲ್ಲೂ ಓದು ಬರಲಿಲ್ಲ. ‘ಇಂಗ್ಲಿಷ್ ಮೀಡಿಯಂನಿಂದ ಬಂದವಳು, ಕನ್ನಡದ ಬುಡ ಗಟ್ಟಿಯಿಲ್ಲ, ಸರಿಹೋಗುತ್ತದೆ’ ಅಂದರು. ಮತ್ತೆರಡು ವರ್ಷ. ಎರಡೂ ಕಡೆ ಒಳ್ಳೆಯ ಟೀಚರ್‌ಗಳೇ ಇದ್ದರು. ಎರಡೂ ಕಡೆ ಭಾಷೆಯ ಮೇಲೆ ಹಾಕಿಬಿಟ್ಟರು. ಆರನೇ ತರಗತಿಯವರೆಗೆ ಅವಳ ಪಕ್ಕ ಕೂತು ಅವಳು ಓದುವುದನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ನಾನು ಕೂತೆ. ‘ಅಜ್ಜನ ತೋಟದಲ್ಲಿ’ ಅಂತ ಇತ್ತು. ‘ಅಜನ’ ಅಂದಳು, ನಿಲ್ಲಿಸಿದಳು, ಚಿತ್ರ ನೋಡಿದಳು, ‘ಅಜ್ಜನ ಮರ’ ಅಂದಳು. ಮೇಲಿನ ಸಾಲಿನಲ್ಲಿ ಕಷ್ಟಪಟ್ಟು ಓದಿದ ‘ತೋಟ’ ಕೆಳಗಿನ ಸಾಲಿನಲ್ಲಿ ಮತ್ತೆ ಬಂದಾಗ ಅದು ಅವಳಿಗೆ ಹೊಚ್ಚ ಹೊಸ ಪದ. ಬೆರಳು ನಡುಗುತ್ತಿತ್ತು. ಪುಸ್ತಕ ಮುಚ್ಚಿ ಮಾತಾಡಿಸಿದೆ. ಮಾತು ಚೆಂದ. ತಿಂಗಳುಗಳ ಹೆಸರು ಕ್ರಮವಾಗಿ ಬರಲಿಲ್ಲ. ‘ಟಪಿಲೋಮ’ ಅಂತ ಅರ್ಥವಿಲ್ಲದ ಒಂದು ಪದ ಹೇಳಿ, ಹಾಗೇ ಹೇಳು ಅಂದೆ. ‘ಪಟಿಮೋಲ’ ಅಂದಳು. ಇನ್ನೊಂದು ಹೇಳಿದೆ, ಅದೂ ಕಲಸಿತು. ಪಾಠದ ಪ್ರಶ್ನೋತ್ತರಗಳನ್ನು ಅಕ್ಕ ಗಟ್ಟಿಯಾಗಿ ಓದುವುದನ್ನು ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಅಷ್ಟು ವರ್ಷ ಪಾಸಾದದ್ದು ಆ ಕಿವಿಯ ಬಲದಿಂದ.

ಮಂಗಳೂರಿನಲ್ಲಿ ಟೆಸ್ಟ್ ಆಯಿತು. ಡಿಸ್ಲೆಕ್ಸಿಯಾ ಅಂತ ಬಂತು. ವರದಿಯನ್ನು ಅವಳ ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನನಗೂ ಹೀಗೇ ಇತ್ತು ಟೀಚರೇ. ಹತ್ತನೇ ಫೇಲಾದ ಮೇಲೆ ಅಂಗಡಿಯಲ್ಲಿ ಕೂತೆ” ಅಂದರು. ಇದು ಮನೆತನದಲ್ಲಿ ಹರಿದು ಬರುವುದುಂಟು. ಹಾಗಾಗಿ ಅಪ್ಪ ಅಮ್ಮ, ಮಾವ, ಚಿಕ್ಕಪ್ಪ ಯಾರಿಗಾದರೂ ಓದು ಹೀಗೆ ಕಷ್ಟವಾಗಿತ್ತಾ ಅಂತ ಕೇಳಲೇಬೇಕು. ಕೇಳುವಾಗ ಮರ್ಯಾದೆಯಿಂದ, ಒಬ್ಬರೇ ಇದ್ದಾಗ ಕೇಳಿ.

ಆ ಹುಡುಗನನ್ನೂ ಈ ಹುಡುಗಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷ್ ನೋಟ್‌ಪುಸ್ತಕ ಇಬ್ಬರದ್ದೂ ಒಂದೇ ಥರ. ವ್ಯತ್ಯಾಸ ಕಾಣುವುದು ಮನೆಮಾತಿನಲ್ಲಿ. ತೊಂದರೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಬೇಕಾದದ್ದು ಸಮಯ ಮತ್ತು ಒಳ್ಳೆಯ ಪಾಠ. ತೊಂದರೆ ಎಲ್ಲ ಭಾಷೆಯಲ್ಲೂ ಹಿಂಬಾಲಿಸಿ ಬಂದರೆ ಅದು ಭಾಷೆಯದ್ದಲ್ಲ. ಆಗ ಒಂದು ದಿನವೂ ಕಾಯಬಾರದು.

ಇದನ್ನು ನೋಡಲು ದೊಡ್ಡ ಉಪಕರಣ ಬೇಡ. ನಾನು ಮಾಡುವುದನ್ನು ಹೇಳುತ್ತೇನೆ. ಒಂದು ಪ್ರಶ್ನೆಯನ್ನು ಮೂರು ಸಲ ಕೊಡುತ್ತೇನೆ. ಮೊದಲು ಮಗು ತಾನೇ ಇಂಗ್ಲಿಷಿನಲ್ಲಿ ಓದಿ ಉತ್ತರ ಹೇಳಬೇಕು. ಬರಲಿಲ್ಲವಾ, ನಾನು ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತೇನೆ. ಈಗ ಉತ್ತರ ಬಂದರೆ, ಭಾಷೆ ತಿಳಿಯುತ್ತದೆ, ಓದು ತಡೆಯುತ್ತಿದೆ ಅಂತ ಅರ್ಥ. ಆಗಲೂ ಬರಲಿಲ್ಲವಾ, ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ ಕೇಳುತ್ತೇನೆ. ಬ್ಯಾರಿ ನನಗೆ ಸರಿಯಾಗಿ ಬಾರದು, ದೊಡ್ಡ ಮಕ್ಕಳನ್ನು ಕರೆಯುತ್ತೇನೆ. ಆಗ ಥಟ್ಟನೆ ಉತ್ತರ ಬಂದರೆ ಇಂಗ್ಲಿಷ್ ಮಾತ್ರ ಬಾಕಿ. ಅಲ್ಲಿಯೂ ಬಾರದಿದ್ದರೆ ಇನ್ನೂ ಆಳಕ್ಕೆ ಹೋಗಿ ನೋಡಬೇಕು. ಒಂದು ದಿನದ್ದನ್ನು ನಂಬಬೇಡಿ, ಎರಡು ಮೂರು ವಾರ ನೋಡಿ ಬರೆದಿಡಿ.

ಕಲಿಸಿ ನೋಡುವುದು ಇನ್ನೊಂದು ದಾರಿ. ಯಾರಿಗೂ ಗೊತ್ತಿಲ್ಲದ ಐದು ಹೊಸ ಪದಗಳನ್ನು ವಸ್ತು ತೋರಿಸಿ ಕಲಿಸಿ. ನಾಳೆ ಕೇಳಿ, ನಾಲ್ಕು ದಿನ ಬಿಟ್ಟು ಕೇಳಿ. ಭಾಷೆ ಹೊಸದು ಅನ್ನುವ ಮಗು ಹಿಡಿದುಕೊಳ್ಳುತ್ತದೆ. ಇಷ್ಟು ಹೊತ್ತು ಏನು ಗೊತ್ತಿದೆ ಅಂತ ಕೇಳುತ್ತಿದ್ದೆವು. ಹೇಗೆ ಕಲಿಯುತ್ತದೆ ಅಂತ ಕೇಳಿದರೆ ಎಲ್ಲ ಮನೆಯ ಮಕ್ಕಳಿಗೂ ನ್ಯಾಯ.

ಮತ್ತೆ ಅಮ್ಮನನ್ನು ಕೇಳಿ. ಮೊದಲ ಮಾತು ಯಾವಾಗ ಆಡಿದ? ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳುತ್ತಿದ್ದನಾ? ‘ಚಪ್ಪಲಿ ಒಳಗಿಡು, ಆಮೇಲೆ ಅಜ್ಜಿಗೆ ನೀರು ಕೊಡು’ ಅಂದರೆ ಎರಡೂ ಮಾಡುತ್ತಾನಾ? ತಮ್ಮ ತಂಗಿಗೆ ಹೋಲಿಸಿದರೆ ಮನೆಮಾತಿನಲ್ಲಿ ಹೇಗೆ? ತಾಯಿಯ ಮಾತನ್ನು ನಾನು ಒಮ್ಮೆ ನಂಬದೆ ಹೋದೆ. ಈಗ ಮೊದಲು ಬರೆದುಕೊಳ್ಳುವುದೇ ಅವರ ಮಾತನ್ನು.

ಇಲ್ಲಿ ಒಂದು ಮಾತು ನಡುವೆ ಹೇಳಬೇಕು. ಎಣ್ಮಕಜೆಯಂಥ ಊರುಗಳಲ್ಲಿ ಈ ಪ್ರಶ್ನೆ ಕೇಳುವಾಗ ತುಂಬ ಜಾಗ್ರತೆ ಬೇಕು. ಗೇರುತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ನೆಲ ಅದು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಎಷ್ಟೋ ಮನೆಗಳು ಸಂತ್ರಸ್ತರ ಸರ್ವೆ, ಕ್ಯಾಂಪ್, ಪಟ್ಟಿ ಅಂತ ದಣಿದಿವೆ. ‘ಮಗು ಯಾವಾಗ ಮಾತಾಡಿತು’ ಅಂತ ಕೇಳಿದ ಕೂಡಲೇ ಆ ತಾಯಿಯ ಮುಖ ಬಿಳುಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅಲ್ಲಿ ಕಾಗದ ಪೆನ್ನು ಹಿಡಿದುಕೊಂಡು ಹೋಗಬೇಡಿ. ಜಗಲಿಯಲ್ಲಿ ಕೂತು, ಮಗುವಿಗೆ ಏನು ಇಷ್ಟ ಅಂತ ಶುರುಮಾಡಿ.

ಕಿವಿಯ ವಿಷಯ ಮರೆಯಬಾರದು. ಎರಡನೇ ತರಗತಿಯ ಒಬ್ಬಳು ಪುಟ್ಟಿ, ಕನ್ನಡದಲ್ಲಿ ಪರವಾಗಿಲ್ಲ, ಇಂಗ್ಲಿಷಿನಲ್ಲಿ ತೀರಾ ಹಿಂದೆ. ‘ಸಿಕ್ಸ್’ ಅಂದರೆ ‘ಸಿಕ್’ ಅನ್ನುತ್ತಿದ್ದಳು. ‘ಕ್ಯಾಟ್ಸ್’ ಅಂದರೂ ‘ಕ್ಯಾಟ್’. ಕನ್ನಡ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ, ಅಂದಮೇಲೆ ಭಾಷೆಯದ್ದೇ ಅಂದುಕೊಂಡೆವು. ಆಟಿ ತಿಂಗಳ ಒಂದು ದಿನ, ಹೊರಗೆ ಜಡಿಮಳೆ, ಅವಳು ಶಾಲಿನ ತುದಿಯಿಂದ ಕಿವಿ ಒರೆಸಿಕೊಳ್ಳುವುದು ಕಂಡಿತು. ಹತ್ತಿರ ಹೋದರೆ ವಾಸನೆ. ಕಿವಿ ಸೋರುತ್ತಿತ್ತು, ಅದೂ ಎಷ್ಟೋ ಸಮಯದಿಂದ. ಈಗ ನೋಡಿ, ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಮರ, ಮನೆ, ಹೂವು. ಅರೆಕಿವುಡಿಗೂ ಅದು ಕೇಳಿಸುತ್ತದೆ. ಇಂಗ್ಲಿಷ್ ಪದಗಳ ಬಾಲದಲ್ಲಿ ಸ್, ಟ್, ಫ್ ಅಂತ ಉಸಿರಿನಷ್ಟೇ ಮೆಲ್ಲಗಿನ ಶಬ್ದಗಳು. ಅವು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವಳ ಕಿವಿಯ ತೊಂದರೆ ಮೊದಲು ಕಾಣಿಸಿಕೊಂಡದ್ದು ಇಂಗ್ಲಿಷಿನಲ್ಲಿ. ಡಾಕ್ಟರಿಗೆ ತೋರಿಸಿದರು, ಮದ್ದಾಯಿತು, ಮುಂದಿನ ಬೆಂಚಿಗೆ ಕೂರಿಸಿದೆವು. ಹಾಗಾಗಿ ಎಲ್ಲಕ್ಕಿಂತ ಮೊದಲು ಕಿವಿ, ಕಣ್ಣು. ಅದಾಗದೆ ಬೇರೆ ಯಾವ ಟೆಸ್ಟೂ ಬೇಡ.

ಅಮ್ಮಂದಿರಿಗೆ ಒಂದು ಕೋರಿಕೆ. ಮಗು ಹಿಂದೆ ಬಿದ್ದಾಗ ಯಾರಾದರೂ ‘ಮನೆಯಲ್ಲಿ ಇಂಗ್ಲಿಷೇ ಮಾತಾಡಿ’ ಅನ್ನುತ್ತಾರೆ. ದಯವಿಟ್ಟು ಕೇಳಬೇಡಿ. ನಿಮಗೆ ಗಟ್ಟಿಯಾಗಿ ಬರುವ ಭಾಷೆಯಲ್ಲಿ ಮಗುವಿಗೆ ಸಿಗುವ ಮಾತು, ಕತೆ, ಜಗಳ, ಮುದ್ದು ಇಂಗ್ಲಿಷಿನ ನಾಲ್ಕು ಪದದಲ್ಲಿ ಸಿಗುವುದಿಲ್ಲ. ಒಂದು ಭಾಷೆಯಲ್ಲಿ ಕತೆ ಹೇಳಲು ಬಂದರೆ ಅದು ಇನ್ನೊಂದು ಭಾಷೆಗೂ ದಾಟುತ್ತದೆ. ತೊಂದರೆ ಇರುವ ಮಗುವಿಗೂ ಎರಡು ಭಾಷೆ ಹೊರೆಯಲ್ಲ. ಅಜ್ಜಿಯ ಜೊತೆ ತುಳುವಿನಲ್ಲಿ ಮಾತಾಡುವುದನ್ನು ನಿಲ್ಲಿಸಿದ ಒಂದು ಮನೆ ನನಗೆ ಗೊತ್ತು. ಆ ಮಗುವಿಗೆ ಇಂಗ್ಲಿಷ್ ಬರಲಿಲ್ಲ. ಅಜ್ಜಿ ಮಾತ್ರ ದೂರವಾದರು.

ತರಗತಿಯಲ್ಲಿ ಏನು ಮಾಡಬಹುದು ಅಂತ ಕೇಳುತ್ತೀರಿ. ತುಂಬ ಹೇಳುವುದಿಲ್ಲ, ಒಂದನ್ನು ಮಾಡಿ ತೋರಿಸುತ್ತೇನೆ. ಈ ಡಬ್ಬಿಯಲ್ಲಿರುವುದು ಕೆಂಪು ಮಂಜೊಟ್ಟಿ ಕಾಳು. ಮಲಯಾಳದವರು ಮಂಜಾಡಿ ಅನ್ನುತ್ತಾರೆ. ‘ಫಿಶ್’ ಅಂತ ನಿಧಾನವಾಗಿ ಹೇಳುತ್ತೇನೆ. ಫ್, ಒಂದು ಕಾಳು ಮುಂದೆ ತಳ್ಳುತ್ತೇನೆ. ಇ, ಇನ್ನೊಂದು. ಶ್, ಮತ್ತೊಂದು. ಮೂರು ಕಾಳು. ಬರೆಯುವಾಗ ನಾಲ್ಕು ಅಕ್ಷರ, ಕೊನೆಯ ಎರಡು ಅಕ್ಷರ ಒಂದೇ ಕಾಳಿನ ಕೆಳಗೆ. ಅಕ್ಷರದಲ್ಲಿ ಯೋಚಿಸುವ ನಮ್ಮ ಮಕ್ಕಳಿಗೆ ಶಬ್ದವನ್ನು ಇನ್ನೂ ಸಣ್ಣದಾಗಿ ಒಡೆಯುವುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದು ತಿಂಗಳುಗಟ್ಟಲೆ ಬೇಕು, ಉಳಿದವರಿಗೆ ಕೆಲವು ವಾರ. ಯಾರಿಗೂ ನಷ್ಟ ಇಲ್ಲ. ಆ ಆರನೇ ತರಗತಿಯ ಹುಡುಗಿ ಈ ಡಬ್ಬಿಯನ್ನು ಎಷ್ಟು ಸಲ ಖಾಲಿ ಮಾಡಿ ತುಂಬಿದ್ದಾಳೆ ಅಂತ ಲೆಕ್ಕ ಇಲ್ಲ. ಬಣ್ಣ ಹೋಗಿಲ್ಲ ನೋಡಿ.

ಉತ್ತರವನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಡಿ. ಸೂಚನೆ ಒಂದೊಂದಾಗಿ ಕೊಡಿ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ.

ಕಾಗದಪತ್ರದ ವಿಷಯಕ್ಕೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳನ್ನು ಹೆಸರಿಸಿದ್ದಾರೆ. ಅದರಲ್ಲಿ ಕಲಿಕೆಯ ತೊಂದರೆಯೂ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು ಇಂಥ ಅನುಕೂಲ ಬೇಕಾದರೆ ಸರ್ಟಿಫಿಕೇಟ್ ಬೇಕು. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡಬೇಡಿ, ಅದಕ್ಕಿಂತ ಎಷ್ಟೋ ಮೊದಲೇ ಶಾಲೆಯಲ್ಲಿ ವಿಚಾರಿಸಿ. ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ) ಸ್ಪೆಷಲ್ ಎಜುಕೇಟರ್ ಶಾಲೆಗೆ ಬರುತ್ತಾರೆ, ಅವರನ್ನು ಹಿಡಿಯಿರಿ. ಆದರೆ ಸಹಾಯ ಮಾಡಲು ಸರ್ಟಿಫಿಕೇಟಿಗೆ ಕಾಯಬೇಕಾಗಿಲ್ಲ. ಮಂಜೊಟ್ಟಿ ಕಾಳಿಗೆ ಯಾರ ಸಹಿಯೂ ಬೇಡ.

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಟೆಸ್ಟ್ ಮಾಡುವವರಿಗೆ ಮಲಯಾಳ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡ ಬರುವವರು ಕಡಿಮೆ. ಅವರು ಒಳ್ಳೆಯವರೇ, ಎಷ್ಟೋ ಸಲ ನನ್ನೊಂದಿಗೆ ತಾಳ್ಮೆಯಿಂದ ಕೂತಿದ್ದಾರೆ. ಹಾಗಂತ ಕನ್ನಡ ಮಗುವನ್ನು ಮಲಯಾಳದಲ್ಲಿ ಅಳೆದರೆ, ನಾನು ಆ ತುಳು ಹುಡುಗನಿಗೆ ಮಾಡಿದ್ದೇ ಮತ್ತೆ ಆಗುತ್ತದೆ. ಕೇಳಿ. ಯಾವ ಭಾಷೆಯಲ್ಲಿ ಟೆಸ್ಟ್ ಆಯಿತು ಅಂತ ವರದಿಯಲ್ಲಿ ಬರೆಸಿ. ಕನ್ನಡದಲ್ಲಿ ಸಾಧನಗಳು ಇಲ್ಲವೇ ಇಲ್ಲ ಅಂತಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಡಿಸ್ಲೆಕ್ಸಿಯಾ ಗುರುತಿಸುವ ‘ಡಾಲಿ’ ಅನ್ನುವ ಪರೀಕ್ಷೆಗಳನ್ನು ತಂದರು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇವೆ. ಟೀಚರ್‌ಗಳೇ ತುಂಬಬಹುದಾದ ಪಟ್ಟಿಗಳೂ ಅದರಲ್ಲಿವೆ, 1–2ನೇ ತರಗತಿಗೆ ಒಂದು, 3–5ಕ್ಕೆ ಒಂದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ನೋಡುತ್ತಾರೆ. ದೂರ, ನಿಜ. ತುಳುವಿಗೆ, ಬ್ಯಾರಿಗೆ ಅಷ್ಟೂ ಇಲ್ಲ. ಆ ಮಕ್ಕಳಿಗೆ ನೀವು ಬರೆದಿಟ್ಟ ಮೂರು ವಾರದ ನೋಟ್‌ಪುಸ್ತಕವೇ ಆಧಾರ. ಅದನ್ನು ಟೆಸ್ಟ್ ಮಾಡುವವರ ಮೇಜಿನ ಮೇಲೆ ಇಡಿ.

ಈಗ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದ್ದು: “ಮಗ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ತರಗತಿ. ಓದುವುದಿಲ್ಲ. ಕನ್ನಡಕ್ಕೆ ಬದಲಿಸಬೇಕಾ?” ನನ್ನ ಮನಸ್ಸು ಕನ್ನಡದ ಕಡೆಗಿದೆ ಅಂತ ಮುಚ್ಚಿಡುವುದಿಲ್ಲ. ಹಾಗಿದ್ದರೂ ಇವತ್ತೇ ಬದಲಿಸಿ ಅನ್ನಲಾರೆ. ಮೀಡಿಯಂ ಬದಲಿಸಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ, ಆ ಹುಡುಗಿಯ ಕತೆ ಕೇಳಿದಿರಲ್ಲ. ಬದಲಿಸದೆ ಇದ್ದರೆ, ಬರೇ ಭಾಷೆಯ ಕಷ್ಟ ಇರುವ ಮಗು ವರ್ಷಗಟ್ಟಲೆ ಸುಮ್ನೆ ಮೂಲೆಯಲ್ಲಿ ಕೂರುತ್ತದೆ. ಮೊದಲು ಯಾವುದು ಅಂತ ತಿಳಿಯಬೇಕು. ಸೋಮವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ಬನ್ನಿ ಅಕ್ಕ. ಒಂದನೇ ತರಗತಿಯ ಹಳೇ ನೋಟ್‌ಪುಸ್ತಕ ಇದ್ದರೆ ತನ್ನಿ. ಕಿವಿ ಒಮ್ಮೆ ತೋರಿಸಿ ಬನ್ನಿ. ಅಜ್ಜಿ ಇದ್ದರೆ ಅವರನ್ನೂ ಕರೆತನ್ನಿ, ಅವನು ಅವರ ಹತ್ತಿರ ಹೇಗೆ ಮಾತಾಡುತ್ತಾನೆ ಅಂತ ನಾನು ಸುಮ್ಮನೆ ಪಕ್ಕದಲ್ಲಿ ಕೂತು ಕೇಳುತ್ತೇನೆ.